ಬೀಜ ಹಂಚಿಕೆ ಆ್ಯಪ್: ಗಿಟ್‌ಹಬ್‌ನಿಂದ ಸೀದಾ ಕ್ಲೌಡ್‌ಗೆ

ಅಕ್ಕಾ, ನಿಮ್ಮ ಪೋಸ್ಟ್ ಓದಿದೆ. ನಮ್ಮ ತಾರಸಿ ತೋಟದ ಗುಂಪಿಗೆ ನೀವು ಮಾಡಿಕೊಟ್ಟ ಬೀಜ ಹಂಚಿಕೆ ಆ್ಯಪ್‌ನ ಕೋಡ್ ಗಿಟ್‌ಹಬ್‌ನಲ್ಲೇ (ಕೋಡ್ ಇಡುವ ಆನ್‌ಲೈನ್ ಜಾಗ) ಇದೆ. ಆದರೂ ಒಂದು ಸಾಲು ತಿದ್ದಿದರೆ ಫೈಲ್‌ಜಿಲ್ಲಾ ಅನ್ನುವ ಫೈಲ್ ಕಳಿಸುವ ಸಾಫ್ಟ್‌ವೇರ್‌ನಲ್ಲಿ ಸರ್ವರ್‌ಗೆ ಹಾಕಿ, ಲಾಗಿನ್ ಆಗಿ ರೀಸ್ಟಾರ್ಟ್ ಮಾಡಬೇಕು. ಕಳೆದ ಭಾನುವಾರ ಲಾಲ್‌ಬಾಗ್‌ನಲ್ಲಿ ಎಲ್ಲರೂ ಸೇರಿದ್ದಾಗ ಪೇಜೇ ತೆರೆಯಲಿಲ್ಲ. ಇದಕ್ಕೆ ಸುಲಭದ ದಾರಿ ಏನು ಅಂತ ಕೇಳಿದ್ದೀರಿ.

ಇವತ್ತಿನಿಂದಲೇ ಸರ್ವರ್‌ನಲ್ಲಿರುವ ಫೈಲ್‌ಗಳನ್ನು ಕೈಯಿಂದ ಮುಟ್ಟುವುದು ಬಿಡಿ. ನಾನೂ ಎರಡು ವರ್ಷ ನಿಮ್ಮ ಹಾಗೇ ಮಾಡುತ್ತಿದ್ದೆ. ಒಂದು ರಾತ್ರಿ ಇಡೀ ಫೋಲ್ಡರ್ ಎಳೆದು ಹಾಕಿದೆ. ಲ್ಯಾಪ್‌ಟಾಪ್‌ನ ಹಳೇ ಡೇಟಾಬೇಸ್ ಫೈಲ್ ಹೋಗಿ ಸರ್ವರ್‌ನ ಹೊಸದನ್ನು ಅಳಿಸಿತು. ಮೂರು ವಾರ ಜನ ತುಂಬಿದ ಮಾಹಿತಿ ಪೂರ್ತಿ ಹೋಯಿತು. ಅದಾದ ಮೇಲೆ ಕೋಡ್ ಗಿಟ್‌ಹಬ್ ಬಿಟ್ಟು ಬೇರೆ ದಾರಿಯಲ್ಲಿ ಹೋಗಲು ಬಿಟ್ಟಿಲ್ಲ.

ನಿಮಗೆ ರೆಂಡರ್ ಸಾಕು. ಅದು ಗಿಟ್‌ಹಬ್‌ನಿಂದ ಕೋಡ್ ತೆಗೆದುಕೊಂಡು ಆ್ಯಪ್ ಓಡಿಸುವ ಕ್ಲೌಡ್ ಸೇವೆ. ಗಿಟ್‌ಹಬ್ ಖಾತೆಯಿಂದಲೇ ಲಾಗಿನ್ ಆಗಿ, ರೆಪೊ (ಗಿಟ್‌ಹಬ್‌ನಲ್ಲಿ ನಿಮ್ಮ ಕೋಡ್ ಇರುವ ಫೋಲ್ಡರ್) ಆರಿಸಿ. ಜಾಗ ಕೇಳಿದಾಗ ಸಿಂಗಾಪುರ ಕೊಡಿ, ಅವರಲ್ಲಿ ನಮಗೆ ಹತ್ತಿರದ್ದು ಅದೇ. ಬೇಕಾದ ಲೈಬ್ರರಿಗಳ ಪಟ್ಟಿ ರಿಕ್ವೈರ್‌ಮೆಂಟ್ಸ್ ಫೈಲ್‌ನಲ್ಲಿರಲಿ, ಆ್ಯಪನ್ನು ಜನರ ಬಳಕೆಗೆ ಓಡಿಸುವ ಗುನಿಕಾರ್ನ್ ಕೂಡ ಸೇರಿಸಿ. ನಿಮ್ಮ ಆ್ಯಪ್ ಕಟ್ಟಿರುವ ಫ್ಲಾಸ್ಕ್ ಲೈಬ್ರರಿ ಜೊತೆ ಬರುವ ಸರ್ವರ್ ಮನೆಯಲ್ಲಿ ಪರೀಕ್ಷೆ ಮಾಡುವುದಕ್ಕಷ್ಟೇ. ಆ್ಯಪ್ 127.0.0.1ರಲ್ಲಿ (ಅದೇ ಯಂತ್ರದ ಒಳಗಿನಿಂದ ಮಾತ್ರ ಸಿಗುವ ವಿಳಾಸ) ಅಲ್ಲ, 0.0.0.0ರಲ್ಲಿ (ಹೊರಗಿನಿಂದಲೂ ಸಿಗುತ್ತದೆ) ಓಡಬೇಕು. ಸುಮಾರು ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಇಷ್ಟಾದರೆ ಮೇನ್ ಬ್ರಾಂಚ್‌ಗೆ (ಗಿಟ್‌ಹಬ್‌ನಲ್ಲಿರುವ ಕೋಡ್‌ನ ಮುಖ್ಯ ಪ್ರತಿ) ಪುಶ್ ಮಾಡಿದಾಗಲೆಲ್ಲ, ಅಂದರೆ ತಿದ್ದಿದ್ದನ್ನು ಕಳಿಸಿದಾಗಲೆಲ್ಲ, ಹೊಸ ಕೋಡ್ ತಾನಾಗಿಯೇ ಮೇಲೆ ಬರುತ್ತದೆ. ಬಿಲ್ಡ್ (ಹೊಸ ಕೋಡನ್ನು ಓಡಲು ಸಿದ್ಧಮಾಡುವ ಹಂತ) ಕೆಟ್ಟರೆ ಹಳೆಯದು ಹಾಗೇ ಓಡುತ್ತಿರುತ್ತದೆ. ಭಾನುವಾರದ ಪಾಡು ಬರುವುದಿಲ್ಲ.

ನನಗೆ ಜಾಸ್ತಿ ಭಯ ಇರುವುದು ನಿಮ್ಮ ಡೇಟಾ ಬಗ್ಗೆ. ನೀವು ಎಸ್‌ಕ್ಯೂಲೈಟ್ (ಒಂದೇ ಫೈಲ್‌ನಲ್ಲಿರುವ ಡೇಟಾಬೇಸ್) ಬಳಸುತ್ತಿದ್ದೀರಿ, ಗಿಡದ ಫೋಟೊಗಳೂ ಅದೇ ಫೋಲ್ಡರ್‌ನಲ್ಲಿವೆ ಅಲ್ವಾ? ಇಂಥ ಕ್ಲೌಡ್‌ನಲ್ಲಿ ಪ್ರತಿ ಸಲ ಹೊಸ ಕೋಡ್ ಬಂದಾಗ ಆ್ಯಪ್ ಹೊಸ ಡಬ್ಬಿಯಲ್ಲಿ ಶುರುವಾಗುತ್ತದೆ. ಹಳೇ ಡಬ್ಬಿಯಲ್ಲಿ ಬರೆದಿದ್ದು ಅದರ ಜೊತೆಗೇ ಹೋಗುತ್ತದೆ. ಅವರೆ, ಬದನೆ ಬೀಜ ಯಾರ ಹತ್ತಿರ ಇದೆ ಅನ್ನುವ ಪಟ್ಟಿಯೂ ಹೋಗುತ್ತದೆ. ಅದಕ್ಕೇ ಮೊದಲು ಡೇಟಾಬೇಸನ್ನು ಪೋಸ್ಟ್‌ಗ್ರೆಸ್‌ಗೆ (ಆ್ಯಪ್‌ನಿಂದ ಬೇರೆಯಾಗಿ ಓಡುವ ಡೇಟಾಬೇಸ್) ಸಾಗಿಸಿ, ಫೋಟೊಗಳನ್ನು ಬೇರೆ ಸ್ಟೋರೇಜ್‌ನಲ್ಲಿಡಿ. ರೆಂಡರ್‌ನ ಉಚಿತ ಪೋಸ್ಟ್‌ಗ್ರೆಸ್ 30 ದಿನಕ್ಕೆ ಮುಗಿಯುತ್ತದೆ, ಅದನ್ನು ನಂಬಬೇಡಿ. ಡೇಟಾಬೇಸ್‌ಗೆ ದುಡ್ಡು ಕೊಡಿ. ಉಚಿತ ಆ್ಯಪ್ 15 ನಿಮಿಷ ಯಾರೂ ಬಾರದಿದ್ದರೆ ಮಲಗುತ್ತದೆ. ಮತ್ತೆ ಏಳಲು ಸುಮಾರು ಒಂದು ನಿಮಿಷ ಬೇಕು. ನಮ್ಮ ಗುಂಪಿಗೆ ಅಷ್ಟು ಕಾಯುವುದು ಪರವಾಗಿಲ್ಲ.

ಪಾಸ್‌ವರ್ಡ್ ಕೋಡ್ ಒಳಗಿದ್ದರೆ ತೆಗೆದು ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ (ಕೋಡ್‌ನ ಹೊರಗೆ ಇಡುವ ಸೆಟ್ಟಿಂಗ್) ಹಾಕಿ. ಸುಮ್ನೆ ಅಳಿಸಿದರೆ ಸಾಲದು, ಹಳೇ ಕಮಿಟ್‌ಗಳಲ್ಲಿ (ಗಿಟ್ ಉಳಿಸಿಟ್ಟ ಹಿಂದಿನ ಪ್ರತಿಗಳು) ಉಳಿದೇ ಇರುತ್ತದೆ. ಪಾಸ್‌ವರ್ಡನ್ನೇ ಬದಲಾಯಿಸಿ.

ಈಗಿನ ಸರ್ವರೇ ಇರಲಿ ಅಂದರೆ ಅದಕ್ಕೂ ದಾರಿ ಇದೆ. ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿ (ಕೆಲಸಗಳನ್ನು ತಾನಾಗಿ ಮಾಡಿಸುವ ಗಿಟ್‌ಹಬ್‌ನ ಸೌಲಭ್ಯ) ಒಂದು ಚಿಕ್ಕ ಫೈಲ್ ಬರೆದರೆ, ಪುಶ್ ಆದ ಕೂಡಲೇ ಅದು ತಾನೇ ಎಸ್‌ಎಸ್‌ಎಚ್‌ನಿಂದ (ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಲಾಗಿನ್ ಆಗುವ ದಾರಿ) ಸರ್ವರ್‌ಗೆ ಹೋಗಿ ಕೋಡ್ ಎಳೆದು ರೀಸ್ಟಾರ್ಟ್ ಮಾಡುತ್ತದೆ. ಆ ಲಾಗಿನ್‌ನ ಕೀಯನ್ನು ರೆಪೊದ ಸೀಕ್ರೆಟ್ಸ್‌ನಲ್ಲಿಡಿ (ಗುಟ್ಟಿನ ಮಾಹಿತಿ ಇಡುವ ಜಾಗ). ಹೀಗೆ ಮಾಡಿದರೆ ಈಗಿನ ಡೇಟಾಬೇಸ್ ಫೈಲ್ ಇದ್ದಲ್ಲೇ ಇರುತ್ತದೆ. ಆದರೆ ಅದನ್ನು ಗಿಟ್‌ಇಗ್ನೋರ್‌ಗೆ (ಗಿಟ್ ಸೇರಿಸಿಕೊಳ್ಳಬಾರದ ಫೈಲ್‌ಗಳ ಪಟ್ಟಿ) ಸೇರಿಸಿ, ದಿನಾ ಬ್ಯಾಕಪ್ ತೆಗೆಯಿರಿ. ಸರ್ವರ್ ಅಪ್‌ಡೇಟ್ ಮಾಡುವ ಕೆಲಸವೂ ನಿಮ್ಮ ಮೇಲೇ ಇರುತ್ತದೆ. ಅದಕ್ಕೆ ಸಮಯ ಇಲ್ಲದಿದ್ದರೆ ರೆಂಡರೇ ಒಳ್ಳೆಯದು.

ಮುಂದಿನ ಭಾನುವಾರದೊಳಗೆ ಆಗಬೇಕು ಅಂದರೆ ಇವತ್ತು ಪೋಸ್ಟ್‌ಗ್ರೆಸ್ ಕೆಲಸ ಶುರು ಮಾಡಿ. ಮೊದಲ ಬಿಲ್ಡ್ ಕೆಟ್ಟರೆ ಲಾಗ್‌ನ ಕೊನೆಯ 20 ಸಾಲು ಇಲ್ಲೇ ಹಾಕಿ, ಪಾಸ್‌ವರ್ಡ್ ಇದ್ದರೆ ತೆಗೆದು. ರಾತ್ರಿ ಊಟ ಆದ ಮೇಲೆ ನೋಡುತ್ತೇನೆ.