ಬ್ರಿಟಿಷ್ ಸೋಲ್ ಗಾಯಕರಿಗೆ ಅಮೆರಿಕದಲ್ಲಿ ಸೋಲೇಕೆ?

ಬ್ರಿಟನ್ನಿನ ಸೋಲ್ (ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿದ ಹಾಡಿನ ಶೈಲಿ) ಗಾಯಕಿ ಬೆವರ್ಲಿ ನೈಟ್ ಹೆಸರು ಹಿಡಿದು ಕೇಳಿದ್ದೀರಿ: ಬ್ರಿಟನ್ ಕೊಡುವ ಎಂಬಿಇ ಗೌರವ ಪಡೆದ ಇಷ್ಟು ದೊಡ್ಡ ಕಂಠ ಅಮೆರಿಕದವರಿಗೆ ಯಾಕೆ ರುಚಿಸಲಿಲ್ಲ ಎಂದು. ರುಚಿಯ ಮಾತು ಆಮೇಲಿನದು. ಹಾಡು ಅವರ ಕಿವಿಯವರೆಗೆ ಹೋಗಲೇ ಇಲ್ಲ.

ಬ್ರಿಟನ್ನಿನಲ್ಲಿ ಬಿಬಿಸಿ ರೇಡಿಯೋ 1 ಅಥವಾ 2ರ ಪ್ಲೇಲಿಸ್ಟಿಗೆ ಹಾಡು ಸೇರಿತೆಂದರೆ ಆ ವಾರವೇ ದೇಶವಿಡೀ ಕೇಳುತ್ತದೆ. ರಾಕ್, ಸೋಲ್, ಡ್ಯಾನ್ಸ್ ಎಲ್ಲವೂ ಅಲ್ಲಿ ಒಂದರ ಹಿಂದೆ ಒಂದು ಬರುತ್ತವೆ. ಅಮೆರಿಕದಲ್ಲಿ ಅಂಥ ಒಂದು ಸ್ಟೇಷನ್ ಇಲ್ಲ. ಸಾವಿರಾರು ಖಾಸಗಿ ಸ್ಟೇಷನ್‌ಗಳಿವೆ, ಒಂದೊಂದಕ್ಕೂ ಒಂದು ಫಾರ್ಮ್ಯಾಟ್, ಅಂದರೆ ಹಾಕುವುದು ಒಂದೇ ಬಗೆಯ ಹಾಡು: ಟಾಪ್ 40 (ಜನಪ್ರಿಯ ಪಾಪ್), ಅರ್ಬನ್ (ಕಪ್ಪು ಜನರ ಸಂಗೀತ), ಅರ್ಬನ್ ಅಡಲ್ಟ್ (ಅದೇ, ವಯಸ್ಕ ಕೇಳುಗರಿಗೆ) ಹೀಗೆ. ಲೇಬಲ್‌ನ (ರೆಕಾರ್ಡ್ ಕಂಪನಿಯ) ಪ್ರಚಾರದವರು ಮೊದಲು ಯಾವ ಫಾರ್ಮ್ಯಾಟಿನ ಬಾಗಿಲು ತಟ್ಟಬೇಕೆಂದು ತೀರ್ಮಾನಿಸಬೇಕು. ಚರ್ಚಿನ ಗಾಸ್ಪೆಲ್ ಹಾಡಿನಂಥ ಕಂಠ, ಅದರ ಕೆಳಗೆ ಪಾಪ್ ಅಥವಾ ಗಿಟಾರ್ ವಾದ್ಯಮೇಳ ಇರುವ ಬ್ರಿಟಿಷ್ ಹಾಡು ಸಿಕ್ಕಿಬೀಳುವುದು ಇಲ್ಲೇ. ಟಾಪ್ 40ರವರು ‘ಇದು ಅರ್ಬನ್’ ಅನ್ನುತ್ತಾರೆ, ಅರ್ಬನ್‌ನವರು ‘ಇದು ಪಾಪ್’ ಅನ್ನುತ್ತಾರೆ. ಕಪ್ಪು ಗಾಯಕರಿಗೆ ಈ ಅತ್ತಿಂದಿತ್ತ ಅಲೆದಾಟ ಇನ್ನೂ ಹೆಚ್ಚು, ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಸಾಲದ್ದಕ್ಕೆ 1996ರ ಟೆಲಿಕಮ್ಯುನಿಕೇಷನ್ಸ್ ಕಾಯ್ದೆ ಒಂದು ಕಂಪನಿ ದೇಶದಲ್ಲಿ ಇಷ್ಟೇ ಸ್ಟೇಷನ್ ಹೊಂದಬಹುದೆಂಬ ಮಿತಿಯನ್ನು ತೆಗೆದುಹಾಕಿತು. ಕ್ಲಿಯರ್ ಚಾನೆಲ್ ಎಂಬ ಒಂದೇ ಕಂಪನಿಯ ಕೈಗೇ ಸುಮಾರು 1,200 ಸ್ಟೇಷನ್ ಬಂದವು. ಯಾವುದೋ ಊರಿನ ಡಿಜೆ ತನಗೆ ಹಿಡಿಸಿತೆಂದು ಅಪರಿಚಿತ ಹಾಡನ್ನು ಹತ್ತು ಸಲ ಹಾಕುವ ಅವಕಾಶ ಕುಗ್ಗಿತು.

ಅದಕ್ಕೂ ಮುಂಚೆ ಬ್ರಿಟನ್ನಿನ ಲೂಸ್ ಎಂಡ್ಸ್ (1985), ಸೋಲ್ ಟು ಸೋಲ್ (1989), ಲೀಸಾ ಸ್ಟ್ಯಾನ್ಸ್‌ಫೀಲ್ಡ್ (1990) ಅಮೆರಿಕದ ಆರ್ ಆಂಡ್ ಬಿ (ಕಪ್ಪು ಜನರ ಸಂಗೀತದ) ಜನಪ್ರಿಯ ಹಾಡುಗಳ ಪಟ್ಟಿಯಲ್ಲೇ ಮೊದಲ ಸ್ಥಾನಕ್ಕೇರಿದ್ದರು. ಮೈಸೂರಿಗೆ ಹೋಗಿ ಮೈಸೂರುಪಾಕು ಮಾರಿ ಗೆದ್ದ ಹಾಗೆ. ಅಮೆರಿಕದವರ ಕಿವಿಯ ದೋಷ ಅಲ್ಲವೆನ್ನಲು ಇಷ್ಟು ಸಾಕು.

ಎರಡನೇ ತೊಡಕು ಕಂಪನಿಯ ಒಳಗಿನದು. ಗಾಯಕಿಯನ್ನು ಸೈನ್ ಮಾಡಿಸುವುದು ಲಂಡನ್ ಕಚೇರಿ; ನ್ಯೂಯಾರ್ಕ್ ಕಚೇರಿಗೆ ಆಲ್ಬಮ್ ಬಿಡುಗಡೆ ಮಾಡಲೇಬೇಕೆಂಬ ಕಟ್ಟುಪಾಡು ಸಾಮಾನ್ಯವಾಗಿ ಇರುವುದಿಲ್ಲ. ಅವರಿಗೆ ತಾವೇ ದುಡ್ಡು ಸುರಿದ ಗಾಯಕರು ಮುಖ್ಯ. ಬಿಡುಗಡೆ ವರ್ಷಗಟ್ಟಲೆ ಮುಂದೆ ಹೋದರೆ ಅಷ್ಟರಲ್ಲಿ ಗಾಯಕಿ ಊರಲ್ಲಿ ಮುಂದಿನ ಆಲ್ಬಮ್ಮಿಗೆ ಕೂತಿರುತ್ತಾಳೆ, ಹಳೆಯ ಹಾಡು ಹಿಡಿದು ಅಮೆರಿಕ ಸುತ್ತಲು ಬಿಡುವಿಲ್ಲ. ಬ್ರಿಟಿಷ್ ಗಾಯಕಿ ಏಮಿ ವೈನ್‌ಹೌಸ್‌ರ ‘ಬ್ಯಾಕ್ ಟು ಬ್ಲ್ಯಾಕ್’ ಆಲ್ಬಮ್ಮಿಗೆ ಈ ಅಂತರ ಐದೇ ತಿಂಗಳು: ಬ್ರಿಟನ್ನಿನಲ್ಲಿ 2006ರ ಅಕ್ಟೋಬರ್, ಅಮೆರಿಕದಲ್ಲಿ 2007ರ ಮಾರ್ಚ್. ಲಂಡನ್ನಿನ ಗಾಯಕಿ ‘ಎಲ್ಲಾ ಮೇ’ (Ella Mai) ಅಂತೂ ಅಮೆರಿಕದ ನಿರ್ಮಾಪಕ ಮಸ್ಟರ್ಡ್‌ನ ಲೇಬಲ್ಲಿಗೇ ನೇರ ಸೇರಿದಳು. 2018ರಲ್ಲಿ ಅವಳ ‘ಬೂಡ್ ಅಪ್’ ಹಾಡು ಅಮೆರಿಕದ ಮುಖ್ಯ ಪಟ್ಟಿಯಲ್ಲಿ ಐದನೇ ಸ್ಥಾನಕ್ಕೇರಿತು, ತವರಿನಲ್ಲಿ ಅದರ ಹತ್ತಿರಕ್ಕೂ ಬರಲಿಲ್ಲ. ನನ್ನ ಪ್ರಕಾರ ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ಬೇರೆ ಇಲ್ಲ: ಪಾಸ್‌ಪೋರ್ಟ್ ಅಲ್ಲ, ಫೈಲು ಯಾರ ಮೇಜಿನ ಮೇಲಿದೆ ಎನ್ನುವುದೇ ಲೆಕ್ಕ.

ಲೇಬಲ್ ಕೈಬಿಟ್ಟ ಮೇಲೆ ಸ್ವಂತ ಖರ್ಚಿನಲ್ಲಿ ಹೋಗುತ್ತೇನೆಂದರೆ ಲೆಕ್ಕ ಹೀಗೆ. ಪ್ರವಾಸಿ ಅನುಮತಿಯಲ್ಲಿ ಸಂಭಾವನೆ ಪಡೆದು ಹಾಡುವಂತಿಲ್ಲ. ಗಾಯಕಿಗೆ ಓ-1 (ವಿಶೇಷ ಪ್ರತಿಭಾವಂತರಿಗೆ ಕೊಡುವ) ವೀಸಾ, ಜೊತೆಗೆ ನುಡಿಸುವವರಿಗೆ ಓ-2, ಅದಕ್ಕೆ ಪ್ರತ್ಯೇಕ ಅರ್ಜಿ. 460 ಡಾಲರ್ ಇದ್ದ ಓ ಅರ್ಜಿಯ ಶುಲ್ಕ 2024ರ ಏಪ್ರಿಲ್‌ನಲ್ಲಿ 1,055ಕ್ಕೆ ಏರಿತು (ಸಣ್ಣ ಸಂಸ್ಥೆಗಾದರೆ 530). ವಕೀಲರ ಫೀಸು ಬೇರೆ. ಅಲ್ಲಿನ ಆಯೋಜಕರು ಸಂಭಾವನೆಯ ಒಟ್ಟು ಮೊತ್ತದ ಮೇಲೆ ಶೇ. 30 ತೆರಿಗೆ ಹಿಡಿದುಕೊಳ್ಳುತ್ತಾರೆ, ಲಾಭದ ಮೇಲಲ್ಲ. ಖರ್ಚು ಕಳೆದು ಉಳಿಯುವುದಕ್ಕೆ ಮಾತ್ರ ಹಿಡಿಸಿಕೊಳ್ಳಬೇಕೆಂದರೆ ಮೊದಲ ಕಾರ್ಯಕ್ರಮಕ್ಕೆ 45 ದಿನ ಮುಂಚೆ ತೆರಿಗೆ ಇಲಾಖೆಯೊಂದಿಗೆ ಒಪ್ಪಂದಕ್ಕೆ ಅರ್ಜಿ ಹಾಕಬೇಕು. ಇನ್ನೂರು ಜನರ ಕ್ಲಬ್ಬಿನಲ್ಲಿ ಹಾಡಿ ಇದನ್ನೆಲ್ಲ ತೂಗಿಸುವುದು ಕಷ್ಟ.

ಅದೃಷ್ಟವೂ ಇದೆ ಅನ್ನಿ. 2008ರ ಅಕ್ಟೋಬರ್ 18ರಂದು ಬ್ರಿಟಿಷ್ ಗಾಯಕಿ ಅಡೆಲ್ ಅಮೆರಿಕದ ಟಿವಿಯಲ್ಲಿ ಹಾಡಿದ ರಾತ್ರಿಯೇ ಆಗ ಅಲ್ಲಿನ ಉಪಾಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ್ದ ಸಾರಾ ಪೇಲಿನ್ ಅದೇ ಕಾರ್ಯಕ್ರಮಕ್ಕೆ ಬಂದಿದ್ದರು, ಪೇಲಿನ್‌ರನ್ನು ನೋಡಲು ದೇಶವೇ ಟಿವಿ ಮುಂದೆ ಕೂತಿತ್ತು. ಆದರೆ ಅಡೆಲ್‌ಳ ಆಲ್ಬಮ್ ಅಷ್ಟರಲ್ಲಾಗಲೇ ಅಲ್ಲಿನ ಅಂಗಡಿಯಲ್ಲಿತ್ತು.

ಬೆವರ್ಲಿ ನೈಟ್ ನಾಟಕರಂಗದತ್ತ ತಿರುಗಿದರು. 2014ರಲ್ಲಿ ಲಂಡನ್ನಿನ ಶಾಫ್ಟ್ಸ್‌ಬರಿ ಥಿಯೇಟರಿನಲ್ಲಿ ‘ಮೆಂಫಿಸ್’ ಸಂಗೀತ ನಾಟಕದ ನಾಯಕಿ ಅವರೇ. ಪಾತ್ರ: ತನ್ನ ಹಾಡನ್ನು ಅಮೆರಿಕದ ರೇಡಿಯೋದಲ್ಲಿ ಬಿತ್ತರಿಸಬಲ್ಲ ಒಬ್ಬ ಡಿಜೆ ಸಿಗುವ ಕಪ್ಪು ಗಾಯಕಿ.