ಬ್ಯಾಟರಿ ಚೈನ್‌ಸಾ ಬೇಗ ನಿಲ್ಲುತ್ತಿದೆಯಾ? ಮೊದಲು ಚೈನಿನ ಹಲ್ಲು ನೋಡಿ

ಸೌದೆ ಕೊಯ್ಯಲು ಪೆಟ್ರೋಲ್ ಚೈನ್‌ಸಾ ಬಿಟ್ಟು ಬ್ಯಾಟರಿಯದಕ್ಕೆ ಬಂದವರು ಸುತ್ತಿ ಬಳಸಿ ಕೇಳುವುದು ಒಂದೇ ಪ್ರಶ್ನೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆದು ಸಾಕಾಗಿದೆ. ಹಾಗಾಗಿ ಈ ಸಲ ಅದಕ್ಕೇ ಜಾಸ್ತಿ ಜಾಗ. ಚೈನ್ ಬಿಗಿ ಮಾಡುವುದು, ಎರಡು ಕೈಯಲ್ಲಿ ಹಿಡಿಯುವುದು ಇದೆಲ್ಲ ನಿಮಗೆ ಗೊತ್ತಿದೆ ಎಂದುಕೊಂಡೇ ಬರೆಯುತ್ತಿದ್ದೇನೆ. ಗೊತ್ತಿಲ್ಲದಿದ್ದರೆ ಗೊತ್ತಿರುವವರ ಹತ್ತಿರ ಕಲಿತುಕೊಂಡು ಆಮೇಲೆ ಗರಗಸ ಮುಟ್ಟಿ.

ಪ್ರಶ್ನೆ: 36 ವೋಲ್ಟ್, 5 ಆಂಪ್ ಅವರ್ ಬ್ಯಾಟರಿಯ ಚೈನ್‌ಸಾ ತಂದಿದ್ದೇನೆ. ಬಾಕ್ಸ್ ಮೇಲೆ ಬರೆದಷ್ಟು ಹೊತ್ತು ಬರುವುದೇ ಇಲ್ಲ. ಒಮ್ಮೊಮ್ಮೆ ಅರ್ಧ ಚಾರ್ಜ್ ಇರುವಾಗಲೇ ನಿಂತುಬಿಡುತ್ತದೆ. ಇನ್ನೊಂದು ಬ್ಯಾಟರಿ ತಗೊಳ್ಳಲಾ?

ಬ್ಯಾಟರಿ ಆಮೇಲೆ. ಮೊದಲು ಚೈನಿನ ಹಲ್ಲು ಹರಿತ ಮಾಡುವ ಒಂದು ದುಂಡನೆಯ ಅರ ತಗೊಳ್ಳಿ.

ಲೆಕ್ಕ ನೋಡಿ. 36 ವೋಲ್ಟನ್ನು 5ರಿಂದ ಗುಣಿಸಿದರೆ 180 ವ್ಯಾಟ್ ಅವರ್. ನಿಮ್ಮ ಬ್ಯಾಟರಿಯಲ್ಲಿ ಇರುವ ಶಕ್ತಿ ಅಷ್ಟೇ. ದಪ್ಪ ದಿಮ್ಮಿಗೆ ಇಳಿದಾಗ ಮೋಟಾರು 1500 ವ್ಯಾಟ್ ಎಳೆಯಿತು ಅಂದುಕೊಳ್ಳಿ. ಬಿಡದೆ ಕೊಯ್ದರೆ ಏಳು ನಿಮಿಷಕ್ಕೆ ಖಾಲಿ. ಅದೇ ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9000 ವ್ಯಾಟ್ ಅವರ್ ಶಕ್ತಿ ಇರುತ್ತದೆ. ಸಣ್ಣ ಎಂಜಿನ್ ಅದರಲ್ಲಿ ಬಹುಪಾಲನ್ನು ಬಿಸಿ ಮಾಡಿ, ಹೊಗೆ ಮಾಡಿ ಕಳೆಯುತ್ತದೆ. ಹತ್ತರಲ್ಲಿ ಒಂದು ಪಾಲು ಕೈಗೆ ಸಿಕ್ಕಿದರೂ ನಿಮ್ಮಂಥ ಐದು ಬ್ಯಾಟರಿಗೆ ಸಮ. ಬಾಕ್ಸ್ ಮೇಲಿನ ನಿಮಿಷಗಳನ್ನು ಮರೆತುಬಿಡಿ. ಖಾಲಿ ಓಡಿಸಿದ್ದೋ, ಮೆದು ಮರ ಕೊಯ್ದಿದ್ದೋ ಅದರಲ್ಲಿ ಬರೆದಿರುವುದಿಲ್ಲ. ಕೊಳ್ಳುವಾಗ ವ್ಯಾಟ್ ಅವರ್ ಎಷ್ಟು ಅಂತ ಮಾತ್ರ ಕೇಳಿ.

ಪೆಟ್ರೋಲ್ ಗರಗಸದಲ್ಲಿ ಶಕ್ತಿ ದಂಡಿಯಾಗಿತ್ತು. ಚೈನ್ ಮೊಂಡಾಗಿದ್ದರೂ ಒತ್ತಿ ಹಿಡಿದರೆ ಹೇಗೋ ಕೊಯ್ಯುತ್ತಿತ್ತು. ಟ್ಯಾಂಕ್ ಬೇಗ ಖಾಲಿಯಾದರೆ ಇನ್ನಷ್ಟು ಸುರಿಯುತ್ತಿದ್ದಿರಿ, ಅಲ್ವಾ? ಆ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಚೈನ್ ಮೊಂಡಾದರೆ ನೀವು ಒತ್ತುತ್ತೀರಿ, ಮೋಟಾರು ಜಾಸ್ತಿ ಕರೆಂಟ್ ಎಳೆಯುತ್ತದೆ. ಕರೆಂಟ್ ಎರಡರಷ್ಟಾದರೆ ಬ್ಯಾಟರಿಯೊಳಗೆ ಹುಟ್ಟುವ ಬಿಸಿ ನಾಲ್ಕರಷ್ಟು. ಬಿಸಿ ಮಿತಿ ಮೀರಿದ ಕೂಡಲೇ ಒಳಗಿನ ಸರ್ಕ್ಯೂಟ್ ಬ್ಯಾಟರಿಯನ್ನು ಕಾಪಾಡಲು ಸಪ್ಲೈ ಕಟ್ ಮಾಡುತ್ತದೆ. ಅರ್ಧ ಚಾರ್ಜ್ ಇದ್ದರೂ ನಿಲ್ಲುವುದಕ್ಕೆ ಸಾಮಾನ್ಯವಾಗಿ ಇದೇ ಕಾರಣ. ಹರಿತ ಮಾಡಿದ ಮೇಲೂ ನಿಂತರೆ ಮಾತ್ರ ಸರ್ವಿಸಿಗೆ ಒಯ್ಯಿರಿ.

ಮೊಂಡಾಗಿದೆ ಅಂತ ತಿಳಿಯುವುದು ಹೇಗೆ? ಬ್ಯಾಟರಿ ತೆಗೆದಿಡಿ. ಚೈನನ್ನು ಬೆಳಕಿಗೆ ಹಿಡಿದು ಒಂದು ಹಲ್ಲಿನ ಅಂಚನ್ನೇ ನೋಡಿ. ಹರಿತವಾದ ಅಂಚು ಹೊಳೆಯುವುದಿಲ್ಲ. ಮೊಂಡಾಗಿದ್ದರೆ ಅಂಚಿನುದ್ದಕ್ಕೂ ತೆಳ್ಳಗೆ ಬಿಳಿ ಗೆರೆ ಮಿನುಗುತ್ತದೆ. ಕೊಯ್ಯುವಾಗ ಕಾಲ ಬಳಿ ಬೀಳುವುದನ್ನೂ ಗಮನಿಸಿ. ದಪ್ಪ ದಪ್ಪ ಚಕ್ಕೆ ಬಿದ್ದರೆ ಸರಿ. ಹಿಟ್ಟಿನ ಹಾಗೆ ನುಣ್ಣನೆ ಪುಡಿ ಬಿದ್ದರೆ ಅಲ್ಲಿಗೇ ನಿಲ್ಲಿಸಿ. ಹರಿತವಾದ ಚೈನ್ ಗರಗಸದ ಭಾರಕ್ಕೇ ಕೆಳಗಿಳಿಯುತ್ತದೆ. ಕೊಯ್ತ ಒಂದು ಕಡೆಗೆ ಬಾಗುತ್ತಿದ್ದರೆ ಸಾಮಾನ್ಯವಾಗಿ ಒಂದು ಬದಿಯ ಹಲ್ಲುಗಳು ಮಾತ್ರ ಮೊಂಡಾಗಿರುತ್ತವೆ.

ಬ್ಯಾಟರಿ ಗರಗಸಗಳಲ್ಲಿ ಹೆಚ್ಚಾಗಿ ಬರುವ ಲೋ ಪ್ರೊಫೈಲ್ (ಎತ್ತರ ಕಡಿಮೆ ಇರುವ) ಚೈನಿಗೆ ಸಾಮಾನ್ಯವಾಗಿ 4 ಮಿಲಿಮೀಟರ್ ಅರ ಸಾಕು. ನಿಮ್ಮದಕ್ಕೆ ಎಷ್ಟು ಅಂತ ಕೈಪಿಡಿಯಲ್ಲಿ ನೋಡಿಕೊಳ್ಳಿ. ಕೈಗವಸು ಹಾಕಿ. ಹಲ್ಲಿನ ಮೇಲೆ ಗೀಟು ಗುರುತು ಇದ್ದರೆ ಅದೇ ಕೋನದಲ್ಲಿ ಒಳಗಿನಿಂದ ಹೊರಕ್ಕೆ ಉಜ್ಜಿ. ಹಿಂದಕ್ಕೆ ತರುವಾಗ ಅರ ಎತ್ತಿಕೊಳ್ಳಿ. ಎಲ್ಲ ಹಲ್ಲನ್ನೂ ಅಷ್ಟಷ್ಟೇ ಸಲ ಉಜ್ಜಿ. ನಾಲ್ಕೈದು ಸಲ ಹರಿತ ಮಾಡಿದ ಮೇಲೆ ಹಲ್ಲಿನ ಮುಂದಿರುವ ಚಿಕ್ಕ ಉಬ್ಬನ್ನೂ (ಡೆಪ್ತ್ ಗೇಜ್) ಅಳೆಯಿರಿ. ಈ ಚೈನಿಗೆ ಅದು ಹಲ್ಲಿಗಿಂತ ಸುಮಾರು 0.65 ಮಿಲಿಮೀಟರ್ ಕೆಳಗಿರಬೇಕು. ಬೇಗ ಕೊಯ್ಯಲಿ ಅಂತ ಇನ್ನೂ ಜಾಸ್ತಿ ತೇಯುವವರಿದ್ದಾರೆ. ದಯವಿಟ್ಟು ಬೇಡ. ಹಲ್ಲು ಮರಕ್ಕೆ ಕಚ್ಚಿಕೊಂಡು ಗರಗಸ ಮುಖಕ್ಕೆ ಚಿಮ್ಮುವ ಅಪಾಯ ಹೆಚ್ಚುತ್ತದೆ.

ಮತ್ತೆ, ದಿಮ್ಮಿಯನ್ನು ನೆಲದ ಮೇಲೆ ಇಟ್ಟು ಕೊಯ್ಯಬೇಡಿ. ಒಂದೇ ಒಂದು ಸಲ ಮಣ್ಣಿಗೆ ತಾಗಿದರೂ ಅಷ್ಟು ಹೊತ್ತು ಕೂತು ಮಾಡಿದ ಹರಿತ ಹೋಯಿತು. ಸೌದೆಯನ್ನು ಹಸಿ ಇರುವಾಗಲೇ ತುಂಡು ಮಾಡಿ. ಒಣಗಿದ ಗಟ್ಟಿ ಮರ ಚೈನನ್ನೂ ತಿನ್ನುತ್ತದೆ, ಚಾರ್ಜನ್ನೂ ತಿನ್ನುತ್ತದೆ. ತುಂಡು ಮಾಡಿದ ಸೌದೆ ಬೇಗ ಒಣಗುತ್ತದೆ ಕೂಡ.

ಇಷ್ಟು ಮಾಡಿಯೂ ಸಾಲದಿದ್ದರೆ ಎರಡನೇ ಬ್ಯಾಟರಿ ತಗೊಳ್ಳಿ. ದಿನವಿಡೀ ದಪ್ಪ ದಿಮ್ಮಿಗಳನ್ನೇ ಕೊಯ್ಯುವವರಿಗೆ ನಾನು ಪೆಟ್ರೋಲ್ ಬಿಡಿ ಅಂತ ಹೇಳುವುದಿಲ್ಲ. ಮನೆ ಒಲೆಗೆ ಬೇಕಾದಷ್ಟು, ಬಿಡುವಾದಾಗ ಒಂದೆರಡು ಗಂಟೆ ಕೊಯ್ಯುವವರು ಧೈರ್ಯವಾಗಿ ಬದಲಾಯಿಸಿ. ಹೊಗೆ ಇಲ್ಲ, ಕೈ ನಡುಗುವುದು ಕಡಿಮೆ, ಹಗ್ಗ ಎಳೆದೂ ಎಳೆದೂ ತೋಳು ನೋಯುವುದಿಲ್ಲ.

ಪ್ರಶ್ನೆ: 36ಕ್ಕಿಂತ 40 ವೋಲ್ಟಿನದು ಒಳ್ಳೆಯದಾ?

ಒಳಗೆ ಹತ್ತು ಸೆಲ್ ಸಾಲಾಗಿದ್ದರೆ ಎರಡೂ ಒಂದೇ. 40 ಅಂದರೆ ಪೂರ್ತಿ ಚಾರ್ಜ್ ಆದಾಗಿನ ಲೆಕ್ಕ, 36 ಅಂದರೆ ಸರಾಸರಿ.

ಪ್ರಶ್ನೆ: ಚೈನ್ ಓಡುವ ಪಟ್ಟಿಗೆ (ಬಾರ್) ಗಾಡಿಯಿಂದ ತೆಗೆದ ಹಳೆ ಎಂಜಿನ್ ಆಯಿಲ್ ಹಾಕಬಹುದಾ?

ಬೇಡ. ಅದರಲ್ಲಿ ಲೋಹದ ಪುಡಿ ಇರುತ್ತದೆ, ಕ್ಯಾನ್ಸರ್ ತರುವ ವಸ್ತುಗಳೂ ಇರುತ್ತವೆ. ಅದೆಲ್ಲ ತುಂತುರಾಗಿ ನಿಮ್ಮ ಮೈ ಮೇಲೇ ಬೀಳುತ್ತದೆ.

ಪ್ರಶ್ನೆ: ಸತ್ತ ಬ್ಯಾಟರಿಯನ್ನು ಫ್ರೀಜರಿನಲ್ಲಿಟ್ಟರೆ ಜೀವ ಬರುತ್ತದಂತೆ. ಒಬ್ಬರು ಹೊಸ ಸೆಲ್ ಹಾಕಿಕೊಡುತ್ತೇನೆ ಅನ್ನುತ್ತಿದ್ದಾರೆ.

ಮೊದಲನೆಯದು ಶುದ್ಧ ಸುಳ್ಳು. ಎರಡನೆಯದು ಬೆಂಕಿಯ ಜೊತೆ ಆಟ. ಸಿಕ್ಕಿದ ಸೆಲ್ ಬೆಸುಗೆ ಹಾಕಿ, ರಕ್ಷಣೆಯ ಸರ್ಕ್ಯೂಟ್ ಕಿತ್ತು ನೇರ ಜೋಡಿಸಿಕೊಡುವವರ ಬ್ಯಾಟರಿಯನ್ನು ಮನೆಯೊಳಗೆ ಚಾರ್ಜಿಗೆ ಇಡಬೇಡಿ. ಪ್ರತಿ ಸಲ ಪೂರ್ತಿ ಖಾಲಿ ಮಾಡಿ ಚಾರ್ಜ್ ಮಾಡಬೇಕು ಅನ್ನುವುದೂ ಹಳೆ ನಿಕ್ಕೆಲ್ ಬ್ಯಾಟರಿ ಕಾಲದ ಮಾತು. ಲಿಥಿಯಂ ಬ್ಯಾಟರಿಗೆ ಅದರಿಂದ ಕೆಡುಕೇ ಜಾಸ್ತಿ. ತಿಂಗಳುಗಟ್ಟಲೆ ಬಳಸದಿದ್ದರೆ ಸುಮಾರು ಅರ್ಧ ಚಾರ್ಜಿನಲ್ಲಿ ತಂಪು ಜಾಗದಲ್ಲಿಡಿ.

ಪ್ರಶ್ನೆ: ಸದ್ದೇ ಇಲ್ಲವಲ್ಲ, ಕಿವಿಗೆ, ಕಾಲಿಗೆ ರಕ್ಷಣೆ ಬೇಕಾ?

ಬೇಕು. ಪೆಟ್ರೋಲಿಗಿಂತ ಸದ್ದು ಕಡಿಮೆ ನಿಜ, ಆದರೆ ಕೊಯ್ಯುವಾಗ ಕಿವಿಗೆ ಕೆಡುಕು ಮಾಡುವಷ್ಟು ಇದ್ದೇ ಇರುತ್ತದೆ. ನನಗೆ ಹೆದರಿಕೆ ಆಗುವುದು ಸದ್ದಿಲ್ಲದೆ ಇರುವ ಹೊತ್ತಿನಲ್ಲಿ. ಎಂಜಿನ್ ಓಡುತ್ತಿದ್ದರೆ ಹತ್ತಿರದವರೂ ಹುಷಾರಾಗಿರುತ್ತಾರೆ. ಇದು ಸುಮ್ನೆ ಕೂತಿರುತ್ತದೆ, ಸ್ವಿಚ್ ಒತ್ತಿದರೆ ಆ ಕ್ಷಣಕ್ಕೇ ಚೈನ್ ತಿರುಗುತ್ತದೆ. ಎರಡು ಹೆಜ್ಜೆ ನಡೆಯುವಾಗಲೂ ಚೈನ್ ಬ್ರೇಕ್ ಹಾಕಿ. ಚೈನಿಗೆ ಕೈ ಹಾಕುವ ಮೊದಲು ಬ್ಯಾಟರಿ ಹೊರಗೆ ತೆಗೆಯಿರಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ಪ್ರಶ್ನೆ: ಹಳೆ ಪೆಟ್ರೋಲ್ ಗರಗಸ ಇಟ್ಟುಕೊಳ್ಳಲಾ?

ದಪ್ಪ ಮರಕ್ಕೆ ಬೇಕೆನಿಸಿದರೆ ಇಟ್ಟುಕೊಳ್ಳಿ. ಟ್ಯಾಂಕ್ ಖಾಲಿ ಮಾಡಿ, ತಾನಾಗಿ ಆಫ್ ಆಗುವ ತನಕ ಓಡಿಸಿ ಇಡಿ. ಇಲ್ಲದಿದ್ದರೆ ಒಳಗಿನ ಪೆಟ್ರೋಲ್ ಅಂಟಾಗಿ ಕಾರ್ಬುರೇಟರ್ ಕಟ್ಟಿಕೊಳ್ಳುತ್ತದೆ.