ದೇವರಾಯನದುರ್ಗ ನಡೆದೇ ಹತ್ತಬಹುದಾ?

ಪ್ರಶ್ನೆ: ವರ್ಷಕ್ಕೆರಡು ಸಲ ಕಾರಿನಲ್ಲಿ ದೇವರಾಯನದುರ್ಗಕ್ಕೆ ಹೋಗಿ ಕೈಮುಗಿದು ಬರುತ್ತೇವೆ. ಈ ಸಲ ನಡೆದೇ ಹತ್ತೋಣ ಅಂತ ಮಕ್ಕಳ ಹಟ. ಮಗಳಿಗೆ 13, ಮಗನಿಗೆ 9. ನಮ್ಮತ್ತೆ ಮಾತ್ರ ಅಲ್ಲಿ ಕರಡಿ ಇದೆ, ಬೇಡವೇ ಬೇಡ ಅನ್ನುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಕ್ಯಾತ್ಸಂದ್ರ

ಉತ್ತರ: ಖಂಡಿತ ಕರೆದುಕೊಂಡು ಹೋಗಿ. ಅತ್ತೆಯವರ ಮಾತೂ ನಿಜ, ಆ ಕಾಡಿನಲ್ಲಿ ಕರಡಿಯೂ ಇದೆ, ಚಿರತೆಯೂ ಇದೆ. ಆದರೆ ಕರಡಿ ಜಾಸ್ತಿ ಓಡಾಡುವುದು ಸಂಜೆಗತ್ತಲಿನಿಂದ ಬೆಳಗಿನ ಜಾವದವರೆಗೆ, ಗೆದ್ದಲು, ಜೇನು, ಕಾಡುಹಣ್ಣು ಹುಡುಕಿಕೊಂಡು. ಅದಕ್ಕೆ ಕಣ್ಣು ಅಷ್ಟು ಚುರುಕಿಲ್ಲ. ನಾವು ಸದ್ದಿಲ್ಲದೆ ಹೋಗಿ ತಿರುವಿನಲ್ಲಿ ದಿಢೀರನೆ ಎದುರಾದರೆ ಗಾಬರಿಬಿದ್ದು ಮೇಲೆರಗುತ್ತದೆ. ಹಾಗಾಗಿ ಚೆನ್ನಾಗಿ ಬೆಳಕು ಹರಿದ ಮೇಲೆ ಹೊರಡಿ, ಮಾತಾಡಿಕೊಂಡು ನಡೆಯಿರಿ, ಮಗ ಮುಂದೆ ಓಡದಂತೆ ನೋಡಿಕೊಳ್ಳಿ, ಬಿಸಿಲೇರುವುದರೊಳಗೆ ಇಳಿದುಬಿಡಿ.

ದಾರಿಯ ವಿಷಯಕ್ಕೆ ಬಂದರೆ, ಬುಡದ ಭೋಗ ನರಸಿಂಹನಿಂದ ತುದಿಯ ಯೋಗ ನರಸಿಂಹನವರೆಗೆ ಹತ್ತಿದರೆ ಮಕ್ಕಳಿಗೆ ಧಾರಾಳವಾಯಿತು. ಬೆಟ್ಟದ ಎತ್ತರ ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್. ಪೊದೆಯೊಳಗೆ ನುಗ್ಗಿದಂತೆ ಕಾಣುವ ಕಾಲುದಾರಿಗಳ ತಂಟೆಗೆ ಹೋಗಬೇಡಿ. ಅವು ದನ ಕಾಯುವವರದೋ ಪ್ರಾಣಿಗಳದೋ ಆಗಿರುತ್ತವೆ, ಸ್ವಲ್ಪ ದೂರಕ್ಕೇ ಮಾಯವಾಗುತ್ತವೆ. ಒಳಕಾಡಿನಲ್ಲಿ ನಡೆಯುವ ಆಸೆಯಿದ್ದರೆ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ, ಅದು ಅವರ ಕಾಡು. ತಿಂಡಿಯನ್ನು ಕವರಿನಲ್ಲಿ ಕೈಯಲ್ಲಿ ಹಿಡಿದರೆ ಕೋತಿಗಳು ಬಿಡುವುದಿಲ್ಲ, ಬ್ಯಾಗಿನೊಳಗೆ ಇಡಿ.

ಹತ್ತುವಾಗ ಮಕ್ಕಳಿಗೆ ಒಂದು ವಿಷಯ ತಪ್ಪದೆ ಹೇಳಿ. ನಮ್ಮ ತುಮಕೂರು ಬಯಲುಸೀಮೆ, ನೀರಿಗೆ ಪರದಾಡುವ ಊರು, ಅಲ್ವಾ? ಆದರೆ ಇದೇ ಗುಡ್ಡಸಾಲಿನಲ್ಲಿ ಎರಡು ನದಿ ಹುಟ್ಟುತ್ತವೆ. ಜಯಮಂಗಲಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿ ಸೇರುತ್ತದೆ, ಆ ನೀರು ಆಂಧ್ರ ದಾಟಿ ನೆಲ್ಲೂರು ಕಡೆ ಸಮುದ್ರಕ್ಕೆ ಹೋಗುವಂಥದ್ದು. ಶಿಂಷಾ ದಕ್ಷಿಣಕ್ಕೆ ಹರಿದು ಕಾವೇರಿ ಸೇರುತ್ತದೆ. ಒಂದೇ ಮಳೆಯ ಹನಿಗಳು ಈ ಗುಡ್ಡಗಳ ಮೇಲೆ ಬಿದ್ದು ದಾರಿ ಬೇರೆಮಾಡಿಕೊಳ್ಳುತ್ತವೆ. ಕಾರಿನ ಕಿಟಕಿಯಿಂದ ಇದನ್ನು ತೋರಿಸಲಾಗುವುದಿಲ್ಲ, ತುದಿಯಲ್ಲಿ ನಿಂತು ಎರಡೂ ಕಡೆ ಕೈಚಾಚಿ ತೋರಿಸಬೇಕು. ಇಳಿದ ಮೇಲೆ ನಾಮದ ಚಿಲುಮೆಗೆ ಹೋಗಿ, ಬಂಡೆಯಿಂದ ಒಸರುವ ನೀರು ನೋಡಲಿ. ನಾಮ ತೇಯಲು ನೀರು ಬೇಕಾಗಿ ಶ್ರೀರಾಮ ಬಾಣ ಬಿಟ್ಟ ಕತೆಯನ್ನು ಅತ್ತೆಯವರೇ ಹೇಳಲಿ. ಅವರನ್ನು ಅಲ್ಲಿಯವರೆಗೆ ಕಾರಿನಲ್ಲಿ ಕರೆತರಬಹುದಲ್ಲ!

ಬೇಸಿಗೆಯಲ್ಲಿ ಮಾತ್ರ ಬೇಡ. ಫೆಬ್ರವರಿ ಕಳೆದರೆ ಹುಲ್ಲು ಒಣಗಿ ನಿಂತಿರುತ್ತದೆ, ಯಾರೋ ಸುಮ್ನೆ ಎಸೆದ ಒಂದು ಬೀಡಿ ತುಂಡು ಸಾಕು, ಇಡೀ ಇಳಿಜಾರು ಹೊತ್ತಿಕೊಳ್ಳಲು. ಸುಟ್ಟ ಬೆಟ್ಟ ನೋಡಿದವರಿಗೆ ಆ ಸಂಕಟ ಗೊತ್ತು. ಮಳೆ ನಿಂತ ಮೇಲಿನ ನವೆಂಬರ್, ಡಿಸೆಂಬರ್ ಒಳ್ಳೆಯ ಕಾಲ.

ಪ್ರಶ್ನೆ: ಸ್ಕಂದಗಿರಿಗೆ ಗೆಳೆಯರೆಲ್ಲ ರಾತ್ರಿಯೇ ಹತ್ತಿ ಸೂರ್ಯೋದಯ ನೋಡಬೇಕೆಂದಿದ್ದೇವೆ. ಊರಿನವರಿಗೆ ದುಡ್ಡು ಕೊಟ್ಟರೆ ಕಳ್ಳದಾರಿ ತೋರಿಸುತ್ತಾರಂತೆ, ಹೌದಾ?
– ವಿದ್ಯಾರ್ಥಿ, ಚಿಕ್ಕಬಳ್ಳಾಪುರ

ಉತ್ತರ: ಬೇಡ. ರಾತ್ರಿ ಚಾರಣಕ್ಕೆ ಅಲ್ಲಿ ಅನುಮತಿಯಿಲ್ಲ. ಬಂಡೆ ಕಡಿದು, ಜೊತೆಗೆ ಇಬ್ಬನಿ, ಕತ್ತಲಲ್ಲಿ ಒಬ್ಬ ಜಾರಿ ಕಾಲು ಮುರಿದುಕೊಂಡರೆ ಇಳಿಸುವವರು ಯಾರು? ಅರಣ್ಯ ಇಲಾಖೆಯ ವೆಬ್‌ಸೈಟಿನಲ್ಲಿ ಮೊದಲೇ ಟಿಕೆಟ್ ಮಾಡಿಸಿ, ಗುರುತಿನ ಚೀಟಿ ಇಟ್ಟುಕೊಂಡು, ಅವರು ಬಿಡುವ ಹೊತ್ತಿಗೆ ಹತ್ತಿ. ಚಳಿಗಾಲದಲ್ಲಿ ಮೋಡ ಸೂರ್ಯ ಹುಟ್ಟಿದ ಮೇಲೂ ಬಹಳ ಹೊತ್ತು ಕೆಳಗೆ ಹಾಸಿಕೊಂಡಿರುತ್ತದೆ.